ಗಾಯದ ಗುಮಾಸ್ತನ ಹದಿಮೂರು ದಿನಗಳು

ಹೊಡೆದಾಟದಲ್ಲಿ ಪೆಟ್ಟು ತಿಂದವರನ್ನು ನಮ್ಮ ಆಸ್ಪತ್ರೆಗೆ ತಂದರೆ ಮೊದಲು ಡಾಕ್ಟರು ನೋಡುತ್ತಾರೆ, ಕೊನೆಗೆ ನಾನು ತೊಳೆದು ಪಟ್ಟಿ ಕಟ್ಟುತ್ತೇನೆ. ಇವೆರಡರ ನಡುವೆ ಇಪ್ಪತ್ತೆರಡು ವರ್ಷ ನಿಂತಿದ್ದವರು ಸ್ಕೇಲಣ್ಣ. ಗಾಯದ ಫೋಟೋ ತೆಗೆದು, ಕಂಪ್ಯೂಟರಿಗೆ ಹಾಕಿ, ಪೊಲೀಸರಿಗೂ ಕೋರ್ಟಿಗೂ ದಾಖಲೆ ಮಾಡಿಕೊಡುವುದು ಅವರ ಕೆಲಸ. ಒಂದು ಗಾಯಕ್ಕೆ ಮೂರು ಫೋಟೋ. ದೂರದಿಂದ ಮುಖ ಕಾಣುವಂತೆ ಒಂದು, ಹತ್ತಿರದಿಂದ ಒಂದು, ಗಾಯದ ಪಕ್ಕಕ್ಕೆ ಆರಿಂಚಿನ ಬಿಳಿ ಸ್ಕೇಲು ಹಿಡಿದು ಇನ್ನೊಂದು. ಜೀವ ಹೋಗುವಂತಿದ್ದರೆ ಬೇರೆ ಮಾತು, ಇಲ್ಲದಿದ್ದರೆ ಕಿವಿ ಹರಿದು ನೇತಾಡುತ್ತಿದ್ದರೂ ಮೂರು ಫೋಟೋ ಮುಗಿಯದೆ ನನ್ನ ಹತ್ತಿಯನ್ನು ಹತ್ತಿರ ಬಿಡುತ್ತಿರಲಿಲ್ಲ. ಹುಟ್ಟಿದಾಗ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಉಳಿದುಕೊಂಡಿತ್ತು. ಉಳಿದಂತೆ ಡಾಕ್ಟರಿಂದ ಹಿಡಿದು ಕಸ ಗುಡಿಸುವವಳವರೆಗೆ ಎಲ್ಲರಿಗೂ ಅವರು ಸ್ಕೇಲಣ್ಣನೇ.

ಗಾಯ ನೋಡಿಯೇ ಏನಾಗಿದೆ ಅಂತ ಹೇಳಿಬಿಡುತ್ತಿದ್ದರು. ಇದು ಬೆಲ್ಟಿನ ಬಕಲು, ಇದು ಒಡೆದ ಬಾಟಲಿ, ಇದು ಬಾಗಿಲ ಸಂದಿಯಲ್ಲಿ ಬೆರಳಿಟ್ಟು ಬೇಕೆಂದೇ ಬಾಗಿಲು ಹಾಕಿದ್ದು. ಕುಡಿದು ಬಿದ್ದೆ ಎಂದವನ ಬೆನ್ನು ನೋಡಿ, "ನೆಲಕ್ಕೆ ಬೂಟು ಇರುತ್ತೇನಪ್ಪಾ?" ಎಂದು ಕೇಳಿದ್ದು ನನಗೆ ನೆನಪಿದೆ. ಇಷ್ಟೆಲ್ಲ ನೋಡಿಯೂ ಮನುಷ್ಯ ಇರುವೆ ತುಳಿದವರಲ್ಲ. ಜೋರಾಗಿ ಮಾತಾಡಿದವರೂ ಅಲ್ಲ. ನಾನು ಹಾಗಲ್ಲ, ನನ್ನ ಬಾಯಿ ಇಡೀ ಆಸ್ಪತ್ರೆಗೆ ಗೊತ್ತು. ಹೆಂಡತಿಗೆ ಹೊಡೆದು ತಾನೇ ಕರೆತಂದು ಅಳುವ ಗಂಡಂದಿರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ಗಾದೆ ಕಟ್ಟಿದನಲ್ಲ, ಆ ಪುಣ್ಯಾತ್ಮನನ್ನು ನನ್ನ ಸ್ಟೂಲಿನ ಮೇಲೆ ಒಂದು ದಿನ ಕೂರಿಸಬೇಕು, ಹೊಲಿಗೆಯ ನೂಲು ಹಿಡಿದುಕೊಳ್ಳಲಿ.

ಸ್ಕೇಲಣ್ಣನಿಗೆ ಮದುವೆಯಾಗಿರಲಿಲ್ಲ. ವಿಧವೆ ಅಕ್ಕ, ಅಕ್ಕನ ಮಗಳು, ಇಷ್ಟೇ ಸಂಸಾರ. ಆ ಹುಡುಗಿ ಶಾಲೆ ಬಿಟ್ಟು ನೇರ ನಮ್ಮಲ್ಲಿಗೆ ಬಂದು, ಔಷಧಿ ಬೀರುವಿನ ಪಕ್ಕ ಕೂತು ಮಗ್ಗಿ ಬರೆಯುತ್ತಿದ್ದಳು. ಟೈರಿನ ಅಂಗಡಿಯವನೊಬ್ಬನನ್ನು ಮೆಚ್ಚಿ ಮದುವೆಯಾದಾಗ ಮಾವನೇ ಮುಂದೆ ನಿಂತು ಮಾಡಿಸಿದ್ದರು. ಈಗ ಅವಳಿಗೆ ನಾಲ್ಕು ವರ್ಷದ ಮಗಳಿದ್ದಾಳೆ. ಮದುವೆಯಾದ ಮೇಲೆ ಅವಳು ಎರಡು ಸಲ ನಮ್ಮ ವಾರ್ಡಿಗೆ ಬಂದಳು, ಒಮ್ಮೆ ಹುಬ್ಬು ಸೀಳಿಕೊಂಡು, ಒಮ್ಮೆ ಮುಂಗೈ ಮುರಿದುಕೊಂಡು. ಎರಡು ಸಲವೂ "ಮೆಟ್ಟಿಲಿಂದ ಬಿದ್ದೆ" ಎಂದು ಬರೆಸಿದಳು. ಸ್ಕೇಲಣ್ಣ ಮೂರು ಮೂರು ಫೋಟೋ ತೆಗೆದರು, ಅವಳು ಹೇಳಿದ್ದನ್ನೇ ಬರೆದರು. ಅವಳ ಮನೆ ನೆಲಮಟ್ಟದಲ್ಲೇ ಇದೆ, ಒಂದು ಹೊಸ್ತಿಲು ಬಿಟ್ಟರೆ ಮೆಟ್ಟಿಲೇ ಇಲ್ಲ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು.

ನಮ್ಮ ಡಾಕ್ಟರದ್ದು ಒಂದು ಅಭ್ಯಾಸ. ಬೆಳಗಿಂದ ಅರವತ್ತು ಜನರನ್ನು ನೋಡುವವರು, ಉದ್ದ ಬರೆಯಲು ಪುರುಸೊತ್ತಿಲ್ಲ. ಎಲುಬು ಮುರಿದಿದ್ದರೆ ಬರೆಯುತ್ತಾರೆ. ಉಳಿದ ಬಾವು, ಕಲೆ, ಗೀರು, ಹಲ್ಲಿನ ಗುರುತಿಗೆಲ್ಲ ಎರಡೇ ಪದ, "ಫೋಟೋ ನೋಡಿ." ಸ್ಕೇಲಣ್ಣನ ಫೋಟೋ ಇರುವಾಗ ಮಾತೇಕೆ ಎಂಬ ಧೈರ್ಯ. ಇಪ್ಪತ್ತೆರಡು ವರ್ಷ ಆ ಧೈರ್ಯ ಕೈಕೊಟ್ಟಿರಲಿಲ್ಲ.

ಹೋದ ವರ್ಷ ಒಂದು ಬೆಳಿಗ್ಗೆ ದಾಖಲೆ ವಿಭಾಗದ ಕಂಪ್ಯೂಟರುಗಳೆಲ್ಲ ಕೆಂಪು ಪರದೆ ತೋರಿಸಿ ಕೂತವು. ಯಾರೋ ಕಾಣದ ಕಳ್ಳರು ಒಳಗೆ ನುಗ್ಗಿ ಫೈಲುಗಳಿಗೆಲ್ಲ ಬೀಗ ಜಡಿದು, ಕೇಳಿದ್ದು ಕೊಟ್ಟರೆ ಕೀಲಿ ಕೊಡುತ್ತೇವೆ ಎಂದು ಬರೆದಿದ್ದರು. ಕೀಲಿ ಸಿಗಲಿಲ್ಲ, ಫೈಲುಗಳೂ ಸಿಗಲಿಲ್ಲ. ನಮ್ಮ ವಾರ್ಡಿನಲ್ಲಿದ್ದ ಸ್ಕೇಲಣ್ಣನ ಯಂತ್ರವೊಂದು ಹೇಗೋ ಪಾರಾಯಿತು. ಅದಾದ ಮೇಲೆ ಕಂಪ್ಯೂಟರ್ ರಿಪೇರಿಯವನು ಬಂದು ಎಲ್ಲ ಯಂತ್ರಕ್ಕೂ ಕಾವಲು ಹಾಕಿದ. ಗುರುತಿಲ್ಲದ ಪ್ರೋಗ್ರಾಂ ಯಾವುದಾದರೂ ಫೈಲುಗಳ ಹತ್ತಿರ ಸುಳಿದರೆ ಕಾವಲು ತಡೆದು, ಟಿಣ್ ಎಂದು ಗಂಟೆ ಬಾರಿಸಿ ಕೇಳುತ್ತದೆ, 'ಬಿಡಲೋ, ತಡೆಯಲೋ?' ಬಿಡು ಎಂದು ಒತ್ತಿ ಪಾಸ್‌ವರ್ಡ್ ಕೊಟ್ಟರೆ ಮಾತ್ರ ದಾರಿ ಬಿಡುತ್ತದೆ. ಸ್ಕೇಲಣ್ಣನ ಕ್ಯಾಮೆರಾದ ಪ್ರೋಗ್ರಾಂ ಕಾವಲಿಗಿಂತ ಹತ್ತು ವರ್ಷ ಹಳೆಯದು. ಪ್ರತಿ ಫೋಟೋವನ್ನೂ ಹೊಸ ವೇಷದಲ್ಲಿ ತಂದು ಇಡುವುದು ಅದರ ಚಾಳಿ, ಪ್ರತಿ ಸಲವೂ ಕಾವಲಿಗೆ ಅದು ಹೊಸಬನೇ. ಹೊಸ ಕ್ಯಾಮೆರಾ ಕೇಳಿ ಬರೆದ ಕಾಗದ ಮೇಲಿನವರ ಮೇಜಿನಲ್ಲಿ ನಿದ್ದೆ ಮಾಡುತ್ತಿತ್ತು. ಹೀಗಾಗಿ ಒಂದು ಫೋಟೋಗೆ ಒಂದು ಟಿಣ್, ಒಂದು ಪಾಸ್‌ವರ್ಡ್, ದಿನಕ್ಕೆ ಹತ್ತಾರು ಸಲ.

ನಾವು ಅದಕ್ಕೆ ಅತ್ತೆ ಎಂದು ಹೆಸರಿಟ್ಟೆವು. ಬಂದವರನ್ನೆಲ್ಲ ಬಾಗಿಲಲ್ಲೇ ನಿಲ್ಲಿಸಿ ಯಾರು, ಏನು, ಯಾಕೆ ಎನ್ನುವವಳು ಅತ್ತೆಯಲ್ಲದೆ ಇನ್ನೇನು? "ಮದುವೆ ಇಲ್ಲದೇನೇ ಅತ್ತೆ ಕಾಟ ಬಂತಲ್ಲ ಸ್ಕೇಲಣ್ಣ" ಎಂದು ನಾನು ರೇಗಿಸಿದರೆ, "ಯಜಮಾನಿಕೆ ಮಾಡ್ಕೊಳ್ಲಿ ಬಿಡಿ ಸಿಸ್ಟರ್, ಮನೆ ಕಾಯ್ತಾಳಲ್ಲ" ಎನ್ನುತ್ತಿದ್ದರು.

ಅವರು ತಾಳಿಕೊಂಡರು. ತಾಳಲಾರದವಳು ನಾನು. ಒಂದು ಸೋಮವಾರ ಯಾವುದೋ ಕಾರ್ಖಾನೆಯ ಗೇಟಿನಲ್ಲಿ ಎರಡು ಗುಂಪು ಬಡಿದಾಡಿಕೊಂಡು ಹನ್ನೊಂದು ಜನ ಒಟ್ಟಿಗೆ ಬಂದರು. ಒಬ್ಬನ ನೆತ್ತಿ ಬಿರಿದಿತ್ತು, ಒಬ್ಬನ ಕೈಬೆರಳು ಎರಡು ಅವನ ಜೇಬಿನಲ್ಲೇ ಇದ್ದವು. ನೆಲದ ಮೇಲೆ ರಕ್ತ ಜಾರುತ್ತಿತ್ತು. ಅದರಲ್ಲೂ ಅವರವರೇ ಮಂಚದಿಂದ ಮಂಚಕ್ಕೆ ಬೈದಾಡಿಕೊಂಡು, ಒಬ್ಬ ಸಲೈನ್ ಕಂಬ ಕಿತ್ತು ಇನ್ನೊಬ್ಬನ ಮುಖಕ್ಕೆ ಬೀಸಿದ. ಇದರ ನಡುವೆ ಟಿಣ್, ಟಿಣ್, ಟಿಣ್. ನನ್ನ ತಲೆ ಚಿಟ್ಟು ಹಿಡಿದು, "ಆ ಮುದುಕಿ ಬಾಯಿ ಮುಚ್ಚಿಸ್ತೀರೋ, ಇಲ್ಲ ಈ ಕಂಬದಲ್ಲಿ ನಾನೇ ಒಡೆದು ಹಾಕ್ಲೋ?" ಎಂದು ಕಿರುಚಿದೆ.

ಸ್ಕೇಲಣ್ಣ ಹುಡುಕಿ ಹುಡುಕಿ ಒಂದು ಗುಂಡಿ ಕಂಡುಹಿಡಿದರು. 'ಸೂಚನೆಗಳನ್ನು ತೋರಿಸಬೇಡ' ಎಂದಿತ್ತು. ಒತ್ತಿದರು. ಗಂಟೆ ನಿಂತಿತು, ಕೇಳುವುದು ನಿಂತಿತು, ಫೋಟೋಗಳು ಕ್ಯಾಮೆರಾ ಪ್ರೋಗ್ರಾಮಿನ ಕಿಟಕಿಯಲ್ಲಿ ಚಕಚಕನೆ ಬಂದು ಸಾಲಾಗಿ ಕೂತವು. ಕೆಳಗೆ 'ಉಳಿಸಲಾಗಿದೆ' ಎಂದೂ ಬಂತು. "ಅತ್ತೆ ತವರಿಗೆ ಹೋದ್ಲು ಸಿಸ್ಟರ್" ಎಂದರು. ನಾನು ಆ ಗಲಾಟೆಯಲ್ಲೂ ನಕ್ಕೆ.

ಮೂರನೆಯ ದಿನ, ಬುಧವಾರ ಬೆಳಿಗ್ಗೆ, ಅಕ್ಕನ ಮಗಳು ಬಂದಳು. ಆಟೋದಿಂದ ಇಳಿದು ನಡೆದೇ ಬಂದಳು, ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು, ಇನ್ನೊಂದು ಕೈಯಲ್ಲಿ ಗದ್ದ ಹಿಡಿದುಕೊಂಡು. ಗದ್ದದ ಎಲುಬು ಎರಡು ಕಡೆ ಮುರಿದಿತ್ತು. ಎದುರಿನ ಒಂದು ಹಲ್ಲು ಅಡ್ಡ ಮಲಗಿತ್ತು. ಕೊರಳಿನ ಎಡಕ್ಕೆ ನಾಲ್ಕು ಬೆರಳು, ಬಲಕ್ಕೆ ಒಂದು ಹೆಬ್ಬೆರಳು, ಅಚ್ಚೊತ್ತಿದಂತೆ ನೀಲಿಗಟ್ಟಿ ಎದ್ದಿದ್ದವು. ಮಾತಾಡಲು ಆಗುತ್ತಿರಲಿಲ್ಲ. ಕಾಗದ ಕೇಳಿ ಬರೆದಳು, 'ಮೆಟ್ಟಿಲಲ್ಲ. ಅವನೇ. ಮಗುವಿನ ಎದುರಿಗೆ. ಈ ಸಲ ಬರೆದುಕೊಳ್ಳಿ ಮಾವ.'

ಸ್ಕೇಲಣ್ಣ ತಾವೇ ಕ್ಯಾಮೆರಾ ಎತ್ತಿಕೊಂಡರು. ಬೇರೆಯವರಿಗೆ ಬಿಡಲಿಲ್ಲ. ಗದ್ದಕ್ಕೆ ಮೂರು, ಬಾಯಿಗೆ ಮೂರು, ಕೊರಳಿಗೆ ಮೂರು. ಕೊರಳಿನದಕ್ಕೆ ಸ್ಕೇಲು ಇಟ್ಟಾಗ ಕಣ್ಣೊರೆಸಿಕೊಂಡು ಇನ್ನೊಮ್ಮೆ ಗುರಿ ಸರಿಮಾಡಿದರು. ಡಾಕ್ಟರು ಎಕ್ಸ್‌ರೇ ನೋಡಿ ಗದ್ದದ ವಿಷಯ ಬರೆದರು, ಕೊರಳಿನ ಎದುರಿಗೆ ಬರೆದದ್ದು 'ಫೋಟೋ ನೋಡಿ' ಅಷ್ಟೇ. ಬೀಳುವುದರಿಂದಲೂ ಗದ್ದ ಮುರಿಯುತ್ತದೆ. ಮೆಟ್ಟಿಲಿಗೆ ಬೆರಳಿಲ್ಲ ಎಂದು ಸಾಬೀತು ಮಾಡುವುದು ಆ ಕೊರಳಿನ ಮೂರು ಫೋಟೋ ಮಾತ್ರ.

ಅವಳ ದವಡೆಗೆ ತಂತಿ ಬಿಗಿದು ಬಾಯಿ ಮುಚ್ಚಿಸಿ ತಾಯಿಯ ಮನೆಗೆ ಕಳಿಸಿದರು. ಆ ಮನುಷ್ಯ ಅವಳ ಹತ್ತಿರ, ಮಗುವಿನ ಹತ್ತಿರ ಸುಳಿಯಬಾರದು ಎಂಬ ಆದೇಶ ಕೋರ್ಟಿನಿಂದ ಸಿಗಬೇಕಿತ್ತು. ಅದಿಲ್ಲದಿದ್ದರೆ ಅವನು ಬಂದು ಬಾಗಿಲು ತಟ್ಟಿ ಕರೆದುಕೊಂಡು ಹೋಗಬಹುದು, ಕೇಳುವವರಿಲ್ಲ. ಹಿಂದೆ ಎರಡು ಸಲ ಹಾಗೇ ಕರೆದುಕೊಂಡು ಹೋಗಿದ್ದ.

ಹದಿಮೂರನೆಯ ದಿನ ಪೊಲೀಸ್ ಮೇಡಂ ಬಂದರು. ಹದಿನೈದು ದಿನಕ್ಕೊಮ್ಮೆ ಬಂದು ಫೋಟೋಗಳನ್ನೆಲ್ಲ ಒಟ್ಟಿಗೆ ಪಡೆಯುವುದು ಅವರ ಪದ್ಧತಿ. ಸ್ಕೇಲಣ್ಣ ಫೋಲ್ಡರು ತೆರೆದರು. ಆ ಸೋಮವಾರದವರೆಗೆ ಎಲ್ಲ ಇತ್ತು. ಆಮೇಲೆ ಖಾಲಿ. ಮುಚ್ಚಿ ತೆರೆದರು, ಖಾಲಿ. ಕ್ಯಾಮೆರಾದ ಕಾರ್ಡು ನೋಡಿದರು, ಅದೂ ಖಾಲಿ. ಅವರ ಮುಖ ಸುಣ್ಣ ಬಳಿದಂತಾಯಿತು. ಕಂಪ್ಯೂಟರಿನವನು ಓಡಿ ಬಂದು ನೋಡಿ ತಲೆ ಚಚ್ಚಿಕೊಂಡ.

"ನೀವು ಮುಚ್ಚಿಸಿದ್ದು ಗಂಟೆ ಬಾಯಿ ಸಾರ್. ಕಾವಲನ್ನ ಯಾರೂ ನಿಲ್ಲಿಸಿಲ್ಲ. ಕೇಳೋದು ಬಿಡ್ತು, ತಡೆಯೋದು ಬಿಡ್ಲಿಲ್ಲ. ನೀವು ಉತ್ತರ ಕೊಡ್ಲಿಲ್ಲ ಅಂದ್ರೆ ತಡೆ ಅಂತ್ಲೇ ಅದರ ಲೆಕ್ಕ."

"ಉಳಿಸಲಾಗಿದೆ ಅಂತ ಬಂತಲ್ಲಪ್ಪಾ?"

"ಹಳೇ ಪ್ರೋಗ್ರಾಂ ಸಾರ್, ಅದಕ್ಕೆ ತಡೆದದ್ದೇ ಗೊತ್ತಾಗಿಲ್ಲ. ಇಟ್ಟೆ ಅಂದ್ಕೊಂಡು ಕಾರ್ಡನ್ನೂ ಒರೆಸಿಬಿಟ್ಟಿದೆ. ಕಾರ್ಡಿನ ಮೇಲೆ ಆಮೇಲೆ ಇನ್ನೂ ನೂರಾರು ತೆಗೆದಿದ್ದೀರಿ. ಏನೂ ಸಿಗಲ್ಲ."

ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗಾಯಿತು, ಕೊಯ್ಯಲು ಹೇಳಿದವಳು ನಾನು. ಅವನು ಕಾವಲಿನ ಪಟ್ಟಿ ತೆಗೆದು ತೋರಿಸಿದ. ತಾರೀಕು, ಗಂಟೆ, ನಿಮಿಷ, ಎದುರಿಗೆ 'ತಡೆಯಲಾಗಿದೆ.' ಪುಟಗಟ್ಟಲೆ ಅದೇ. ಮೂವತ್ತೊಂದು ಜನರ ಗಾಯಗಳು. ಬುಧವಾರ ಹನ್ನೊಂದೂ ನಲವತ್ತರಿಂದ ಒಂಬತ್ತು ಸಾಲು ಒಂದರ ಕೆಳಗೊಂದು. ಸ್ಕೇಲಣ್ಣ ಆ ಒಂಬತ್ತರ ಮೇಲೆ ಬೆರಳಿಟ್ಟು ಎಣಿಸಿದರು, ಮತ್ತೆ ಎಣಿಸಿದರು. ಆಮೇಲೆ ಎದ್ದು ಅಕ್ಕನ ಮನೆಗೆ ಓಡಿದರು, ಕ್ಯಾಮೆರಾ ಹಿಡಿದುಕೊಂಡು. ಹತ್ತು ದಿನವಾಗಿತ್ತು. ಕೊರಳು ತಿಳಿಯಾಗಿತ್ತು. ಅವಳು ಏನೂ ಕೇಳದೆ ಸೆರಗು ಸರಿಸಿ ಕೊರಳು ತೋರಿಸಿ ನಿಂತಳಂತೆ. ಇವರು ತೆಗೆಯದೆ ವಾಪಸು ಬಂದರು.

ಪೊಲೀಸ್ ಮೇಡಂ ಒಳ್ಳೆಯವರು. ಇನ್ನೂ ಅಲ್ಲೇ ಕಾಯುತ್ತಿದ್ದರು. "ಕೇಸು ಸತ್ತಿಲ್ಲ ಸ್ಕೇಲಣ್ಣ. ಡಾಕ್ಟರು ತಾವು ಬರೆದದ್ದು ಬಿಟ್ಟು ಬೇರೆ ಹೇಳಲ್ಲ, ಆದ್ರೆ ಕೊರಳು ನೋಡಿದವರು ನೀವಿದ್ದೀರಿ, ಈ ಸಿಸ್ಟರ್ ಇದ್ದಾರೆ. ಇಬ್ರೂ ಬಂದು ಕಂಡದ್ದು ಹೇಳಿ. ನಿಮ್ಮ ಇಪ್ಪತ್ತೆರಡು ವರ್ಷದ ಮಾತಿಗೆ ಬೆಲೆ ಇದೆ. ಅಲ್ಲಿವರೆಗೆ ಏನೂ ಮಾಡ್ಕೋಬೇಡಿ, ಸುಮ್ನಿರಿ" ಎಂದರು. ಸ್ಕೇಲಣ್ಣ ತಲೆಯಾಡಿಸಿದರು. ಕಂಪ್ಯೂಟರಿನವನು ಗಂಟೆಯ ಬಾಯಿ ಮತ್ತೆ ತೆರೆದು ಹೋದ. ಊಟಕ್ಕೆ ಹೋಗಿ ಬರ್ತೀನಿ ಎಂದು ಹೊರಟ ಸ್ಕೇಲಣ್ಣ ಟೈರಿನ ಅಂಗಡಿಗೆ ಹೋದರು.

ಹೊಡೆಯಲು ಹೋಗಿರಲಿಲ್ಲ, ಇದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಕೇಳಿಕೊಳ್ಳಲು ಹೋಗಿದ್ದರು. ಅವನು ಕುಕ್ಕರುಗಾಲಲ್ಲಿ ಕೂತು ಲಾರಿಯ ಚಕ್ರ ಬಿಚ್ಚುತ್ತಿದ್ದ. "ನೋಡಪ್ಪಾ, ನಾನೇ ಹೊಡೆದೆ ಅಂತ ಒಂದು ಮಾತು ಬರೆದುಕೊಡು. ಜೈಲಿಗೆ ಕಳಿಸಲ್ಲ. ಅವಳ ಪಾಡಿಗೆ ಅವಳನ್ನ ಬಿಡು, ಸಾಕು" ಎಂದರಂತೆ.

"ಬರೆಯೋದ್ಯಾಕೆ ಮಾವ, ನಿಮ್ಮ ಹತ್ರ ಫೋಟೋ ಇದೆಯಲ್ಲ?"

ಇವರು ಸುಳ್ಳು ಹೇಳಲು ಬಾರದ ಮನುಷ್ಯ. ಮುಖ ಹೇಳಿಬಿಟ್ಟಿತು. ಅವನು ನಿಧಾನಕ್ಕೆ ಎದ್ದು ನಿಂತು ಮುಖ ಓದಿದ, ಓದಿ ಜೋರಾಗಿ ನಕ್ಕ. "ಇಲ್ವಾ? ಹಾಗಾದ್ರೆ ಮೆಟ್ಟಿಲಿಂದ್ಲೇ ಬಿದ್ದಿದ್ದು ಬಿಡಿ. ನಾಳೆ ಭಾನುವಾರ, ಬಂದು ಕರ್ಕೊಂಡು ಹೋಗ್ತೀನಿ, ಮಗೂನ ರೆಡಿ ಮಾಡಿಡೋಕೆ ಹೇಳಿ."

ಟೈರು ಎಬ್ಬಿಸುವ ಕಬ್ಬಿಣದ ಸಲಾಕೆ ಸ್ಕೇಲಣ್ಣನ ಕಾಲ ಹತ್ತಿರವೇ ಬಿದ್ದಿತ್ತು. ಮೊದಲ ಏಟು ಮುಂಗೈಗೆ, ಅವನ ಕೈಯಿಂದ ಸ್ಪ್ಯಾನರು ಹಾರಿಹೋಯಿತು. ಎರಡನೆಯದು ಮಂಡಿಚಿಪ್ಪಿಗೆ. ಅವನು ಕೆಳಗೆ ಬಿದ್ದ ಮೇಲೆ ಗದ್ದಕ್ಕೆ, ಹುಬ್ಬಿಗೆ, ಪಕ್ಕೆಗೆ ಎರಡು. ಕಂಡಕಂಡಲ್ಲಿ ಬಾರಿಸಲಿಲ್ಲ. ಎಲ್ಲಿ ಹೊಡೆದರೆ ಮುರಿಯುತ್ತದೆ, ಎಲ್ಲಿ ಸೀಳುತ್ತದೆ ಎಂದು ಇಪ್ಪತ್ತೆರಡು ವರ್ಷ ಕಣ್ಣು ನೋಡಿದ್ದನ್ನೆಲ್ಲ ಕೈ ಕಲಿತುಕೊಂಡಿತ್ತು. ಕೊನೆಗೆ ಸಲಾಕೆ ಎಸೆದು ಎದೆಯ ಮೇಲೆ ಕೂತು ಎರಡೂ ಕೈಯಲ್ಲಿ ಕೊರಳು ಅದುಮಿದರು. ಅವನ ಕಣ್ಣು ಮೇಲೆ ಹೋದವು, ಹಿಮ್ಮಡಿ ನೆಲಕ್ಕೆ ಬಡಿಯತೊಡಗಿತು. ಪಕ್ಕದ ಬ್ಯಾಟರಿ ಅಂಗಡಿಯವನು ಓಡಿ ಬಂದು ಹಿಡಿದೆಳೆದದ್ದಕ್ಕೆ ಜೀವ ಉಳಿಯಿತು. ಆಂಬುಲೆನ್ಸಿಗೆ ಫೋನು ಮಾಡಿದವರು ಸ್ಕೇಲಣ್ಣನೇ. ಅದೇ ಗಾಡಿಯಲ್ಲಿ ಅವನ ಪಕ್ಕ ಕೂತು ಬಂದರು.

ಬ್ಯಾಟರಿ ಅಂಗಡಿಯವನು ಡಾಕ್ಟರ ಎದುರು ಕೈ ತೊಳೆದುಕೊಂಡ. "ನಾನು ಬರೋ ಹೊತ್ತಿಗೆ ಇಬ್ರೂ ನೆಲದಲ್ಲಿ ಹೊರಳಾಡ್ತಿದ್ರು ಸಾರ್. ಯಾರು ಯಾರಿಗೆ ಹೊಡೆದ್ರೋ ನಂಗೊತ್ತಿಲ್ಲ" ಎಂದ. ಗಾಯಾಳು ಮಾತ್ರ ರಕ್ತ ಉಗುಳಿ ಬೆರಳು ತೋರಿಸಿದ. "ಇವನೇ. ಬರ್ಕೊಳ್ಳಿ. ಎಲ್ಲಾ ಬರ್ಕೊಳ್ಳಿ." ಡಾಕ್ಟರು ಸ್ಕೇಲಣ್ಣನ ಮುಖ ನೋಡಲಾರದೆ, ಎರಡು ಎಲುಬಿನ ಹೆಸರು ಬರೆದು ಉಳಿದದ್ದಕ್ಕೆಲ್ಲ 'ಫೋಟೋ ನೋಡಿ' ಎಂದು ಗೀಚಿ ಪಕ್ಕದ ಮಂಚಕ್ಕೆ ಹೋದರು.

"ಕ್ಯಾಮೆರಾ ನಂಗೆ ಕೊಡಿ" ಎಂದೆ.

"ನನ್ನ ಕೆಲಸ ಸಿಸ್ಟರ್."

ಏಳು ಗಾಯಕ್ಕೆ ಇಪ್ಪತ್ತೊಂದು ಫೋಟೋ. ತಮ್ಮದೇ ಬೆರಳುಗಳ ಗುರುತಿದ್ದ ಕೊರಳ ಪಕ್ಕ ಸ್ಕೇಲು ಹಿಡಿದು, "ಸ್ವಲ್ಪ ಗದ್ದ ಎತ್ತಪ್ಪಾ" ಎಂದರು. ಅವನು ಹೆದರಿ ಎತ್ತಿದ. ಆಮೇಲೆ ಕಂಪ್ಯೂಟರಿನ ಮುಂದೆ ಕೂತರು. ಟಿಣ್. ಬಿಡಲೋ, ತಡೆಯಲೋ?

ಪರದೆಯ ಹತ್ತಿರ ನಾವಿಬ್ಬರೇ. ತಡೆ ಎಂದು ಒತ್ತಿದರೆ ಮುಗಿಯಿತು. ಹದಿಮೂರು ದಿನ ಮೂವತ್ತೊಂದು ಜನರ ಗಾಯ ನುಂಗಿದ ಯಂತ್ರ ಇದೊಂದನ್ನು ನುಂಗಿದರೆ ಯಾರೂ ಕೇಳುವವರಿರಲಿಲ್ಲ. ಯಾವುದೋ ಬೀದಿಜಗಳ ಎಂದು ಹೋಗಿಬಿಡುತ್ತಿತ್ತು. ನಾನು ಬೇಕೆಂದೇ ಹತ್ತಿಯ ತಟ್ಟೆಯ ಕಡೆ ತಿರುಗಿ, "ನಾನೇನೂ ನೋಡ್ತಿಲ್ಲ ಸ್ಕೇಲಣ್ಣ, ಆ ಕಡೇದು ಒತ್ತಿ" ಎಂದೆ.

"ಅವರದೆಲ್ಲ ಗೊತ್ತಿಲ್ಲದೆ ಕಳೆದೆ ಸಿಸ್ಟರ್. ಗೊತ್ತಿದ್ದು ಹೇಗೆ ಕಳೀಲಿ?"

"ನಿಮ್ಮ ನಿಯತ್ತಿಗೆ ಬೆಂಕಿ ಬೀಳ! ಅವಳ ಗತಿ ಏನು? ಅವಳ ಮುಖ ನೋಡಿ ಒತ್ತಿ!"

ಅವರು ಬಿಡು ಎಂದು ಒತ್ತಿದರು. ಪಾಸ್‌ವರ್ಡ್ ಹೊಡೆದರು. ಮತ್ತೆ ಟಿಣ್, ಮತ್ತೆ ಬಿಡು. ಇಪ್ಪತ್ತೊಂದು ಸಲ. ಒಂದೊಂದಕ್ಕೂ ಅವರ ಕೈ ಹಿಡಿದು ತಿರುಚಬೇಕು ಅನ್ನಿಸಿತು, ತಿರುಚಲಿಲ್ಲ. ನಿಯತ್ತಿನ ಮನುಷ್ಯ ಎಂದು ಆಸ್ಪತ್ರೆಯವರೆಲ್ಲ ಇವತ್ತಿಗೂ ಹೊಗಳುತ್ತಾರೆ. ನನಗೆ ಮಾತ್ರ ಆ ಸಿಟ್ಟು ಇಳಿದಿಲ್ಲ. ಮೊದಲ ಏಟಿಗಾಗಿ ಸಿಟ್ಟು, ಇಪ್ಪತ್ತೊಂದನೆಯ ಒತ್ತಿಗಾಗಿ ಸಿಟ್ಟು, ಎಲ್ಲಕ್ಕಿಂತ ಹೆಚ್ಚಾಗಿ ಅಂದು ಸಲೈನ್ ಕಂಬ ಹಿಡಿದು ಕಿರುಚಿದವಳ ಮೇಲೆ ಸಿಟ್ಟು.

ನಾಲ್ಕು ವಾರದ ಮೇಲೆ ಕೋರ್ಟು. ಅಷ್ಟರಲ್ಲಿ ಸ್ಕೇಲಣ್ಣನನ್ನು ಪೊಲೀಸರು ಹಿಡಿದು ಜಾಮೀನಿನ ಮೇಲೆ ಬಿಟ್ಟಿದ್ದರು, ಕೆಲಸದಿಂದ ಅಮಾನತಾಗಿತ್ತು. ನಾನು ಕಟಕಟೆ ಹತ್ತಿ, ಕೊರಳಿನ ಮೇಲೆ ಐದು ಬೆರಳು ಕಂಡೆ ಎಂದೆ. ಅವನ ವಕೀಲ ಮೆಲ್ಲಗೆ ಕೇಳಿದ, "ಗಂಟೆ ನಿಲ್ಲಿಸೋಕೆ ಹೇಳಿದ್ದು ಯಾರು?" ನಾನೇ ಎಂದೆ. "ನನ್ನ ಕಕ್ಷಿದಾರರನ್ನ ಸಾಯಬಡಿದವರ ಜೊತೆ ಎಷ್ಟು ವರ್ಷ ಕೆಲಸ ಮಾಡಿದ್ದೀರಿ?" ಹದಿನೆಂಟು ಎಂದೆ. ಅವಳು ಬರೆದುಕೊಟ್ಟ ಮಾತಿಗೆ ಎದುರಾಗಿ, ಅವಳೇ ಹಿಂದೆ ಎರಡು ಸಲ ಬರೆಸಿದ್ದ 'ಮೆಟ್ಟಿಲಿಂದ ಬಿದ್ದೆ'ಯನ್ನು ಮುಂದಿಟ್ಟ. ಸ್ಕೇಲಣ್ಣನನ್ನು ಅವನು ಏನೂ ಕೇಳಲಿಲ್ಲ. ಇಪ್ಪತ್ತೊಂದು ಫೋಟೋಗಳನ್ನು ದೊಡ್ಡದಾಗಿ ಮಾಡಿಸಿ ತಂದಿದ್ದ. ಒಂದೊಂದಾಗಿ ಮೇಜಿನ ಮೇಲೆ ಹರಡಿದ. ಬೆಳಕು ಸರಿಯಾಗಿತ್ತು, ಸ್ಕೇಲು ನೆಟ್ಟಗಿತ್ತು, ಕೊರಳಿನ ಮೇಲೆ ಬೆರಳುಗಳನ್ನು ಎಣಿಸಬಹುದಿತ್ತು. ನ್ಯಾಯಾಧೀಶರು ಬಹಳ ಹೊತ್ತು ನೋಡಿದರು. ಆಕೆಯ ಫೋಟೋಗಳೆಲ್ಲಿ ಎಂದು ಕೇಳಿದರು. ಇಲ್ಲ ಎಂದಾಯಿತು. ಹಿಂಸೆ ನಡೆದದ್ದು ಯಾವ ಕಡೆಯಿಂದ ಎಂಬುದಕ್ಕೆ ಸದ್ಯ ಇರುವ ಸಾಕ್ಷಿ ಇಷ್ಟೇ, ದೂರವಿಡುವ ಆದೇಶ ಕೊಡಲಾಗದು ಎಂದು ಬರೆಸಿದರು.

ಹೊರಗಿನ ಬೆಂಚಿನ ಹತ್ತಿರ ಅಕ್ಕನ ಮಗಳು ನಿಂತಿದ್ದಳು. ಹಿಂದಿನ ದಿನವಷ್ಟೇ ದವಡೆಯ ತಂತಿ ಬಿಚ್ಚಿದ್ದರು. ಬಾಯಿ ಅರ್ಧ ಮಾತ್ರ ತೆರೆಯುತ್ತಿತ್ತು. ಸ್ಕೇಲಣ್ಣ ಅವಳ ಎದುರು ಹೋಗಿ ಕೈ ಜೋಡಿಸಿದರು. ಅವಳೇ ಮಾತಾಡಿದಳು, ಒಂದೊಂದೇ ಪದ ಹೊರಗೆ ತಳ್ಳುತ್ತಾ.

"ಮಾವ, ಅವನ ಫೋಟೋ ಚೆನ್ನಾಗಿ ಬಂದಿದೆ."

ಆಮೇಲೆ ಮಗುವನ್ನು ಎತ್ತಿಕೊಂಡು ಗೇಟಿನ ಕಡೆ ನಡೆದಳು. ಗೇಟಿನಾಚೆ ಅವನು ಊರುಗೋಲು ಹಿಡಿದು ನಿಂತಿದ್ದ. ಅಲ್ಲಿ ನಿಲ್ಲಬೇಡ ಎಂದು ಹೇಳುವ ಕಾಗದ ನಮ್ಮ ಯಾರ ಕೈಯಲ್ಲೂ ಇರಲಿಲ್ಲ.